ಪ್ರಾರ್ಥನೆಯಿಂದ ಸೆಳೆತ ಬದಲಾಗುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಗೇ, ಲೆಸ್ಬಿಯನ್, ಬೈಸೆಕ್ಷುವಲ್ (ಗಂಡು ಹೆಣ್ಣು ಇಬ್ಬರ ಕಡೆಗೂ ಸೆಳೆತ ಇರುವ) ಜನರನ್ನು ದೇವರ ದಾರಿಯಲ್ಲಿ "ಸರಿಮಾಡುತ್ತೇವೆ" ಎನ್ನುವ ಕಾರ್ಯಕ್ರಮಗಳ ಬಗ್ಗೆ ನನ್ನನ್ನು ಕೇಳುವವರು ಜಾಸ್ತಿ. ಕೆಲವರು ತಾವೇ ಸೇರಬೇಕು ಅಂತಿರುತ್ತಾರೆ. ಕೆಲವರು ಮಗನನ್ನೋ ಮಗಳನ್ನೋ ಕಳಿಸಬೇಕು ಅಂತ ಅರ್ಧ ನಿರ್ಧಾರ ಮಾಡಿ ಕೇಳುತ್ತಾರೆ. ಹೋಗಿ ಬಂದವರು ಕೇಳುವ ಪ್ರಶ್ನೆ ಬೇರೆ, ಅದಕ್ಕೂ ಕೊನೆಯಲ್ಲಿ ಬರುತ್ತೇನೆ.

ಸುತ್ತಿ ಬಳಸಬೇಡಿ. ಇವು ಕೆಲಸ ಮಾಡುತ್ತವಾ ಇಲ್ವಾ?

ಇಲ್ಲ. ಒಂದು ಕಡೆ ಇರುವ ಸೆಳೆತ ಆರಿಹೋಗಿ ಇನ್ನೊಂದು ಕಡೆ ಹುಟ್ಟುವುದನ್ನು "ಬದಲಾವಣೆ" ಅನ್ನುವುದಾದರೆ, ಇವು ಕೆಲಸ ಮಾಡುವುದಿಲ್ಲ. ದಶಕಗಟ್ಟಲೆ ಇದನ್ನೇ ನಡೆಸಿದವರಲ್ಲಿ ಹಲವರು ಕೊನೆಗೆ ತಾವಾಗಿಯೇ ಹಾಗೆ ಹೇಳಿದ್ದಾರೆ.

ಆದರೆ ಬೇರೆ ಏನೇನೋ ಬದಲಾಗುತ್ತದೆ. ತನ್ನನ್ನು ತಾನು ಏನೆಂದು ಕರೆದುಕೊಳ್ಳುವುದು, ಯಾರ ಜೊತೆ ಓಡಾಡುವುದು, ಮದುವೆಯಾಗುವುದು ಬಿಡುವುದು, ಬಾಯಿಬಿಟ್ಟು ಹೇಳುವ ಮಾತು. ಇವನ್ನೆಲ್ಲ ಗುಡ್ಡೆ ಹಾಕಿ ಅದಕ್ಕೂ "ಬದಲಾವಣೆ" ಅಂತಲೇ ಹೆಸರಿಡುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ. ಹಾಗಾಗಿ ಯಾರಾದರೂ "ನಮ್ಮಲ್ಲಿ ಇಷ್ಟು ಜನ ಬದಲಾದರು" ಅಂದರೆ, ಎಷ್ಟು ಜನ ಅಂತ ಕೇಳುವ ಮೊದಲು ಏನು ಬದಲಾಯಿತು ಅಂತ ಕೇಳಿ.

ನೀವು ಹೇಳುತ್ತಿರುವುದು ಯಾವ ಕಾರ್ಯಕ್ರಮಗಳ ಬಗ್ಗೆ?

ಇದು ಚಳವಳಿಯ ರೂಪ ಪಡೆದದ್ದು ಅಮೆರಿಕದಲ್ಲಿ. 1973ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲವ್ ಇನ್ ಆಕ್ಷನ್ ಅನ್ನುವ ಕ್ರೈಸ್ತ ಗುಂಪು ಶುರುವಾಯಿತು. 1976ರಲ್ಲಿ ಇಂಥ ಗುಂಪುಗಳನ್ನೆಲ್ಲ ಒಂದು ಸೂರಿನಡಿ ತಂದು ಎಕ್ಸೋಡಸ್ ಇಂಟರ್‌ನ್ಯಾಷನಲ್ ಹುಟ್ಟಿತು. ಉತ್ತುಂಗದಲ್ಲಿದ್ದಾಗ ಅದರ ಕೆಳಗೆ ನೂರಕ್ಕೂ ಹೆಚ್ಚು ಸ್ಥಳೀಯ ಗುಂಪುಗಳಿದ್ದವು. ಅಮೆರಿಕದಲ್ಲೇ ಹುಟ್ಟಿದ ಮಾರ್ಮನ್ ಎಂಬ ಧಾರ್ಮಿಕ ಪಂಥದವರಿಗೆ ಎವರ್‌ಗ್ರೀನ್ ಇಂಟರ್‌ನ್ಯಾಷನಲ್ ಇತ್ತು, ಯಹೂದಿಗಳಿಗೆ ಜೋನಾ ಅನ್ನುವ ಸಂಸ್ಥೆ ಇತ್ತು. ಈ ದಾರಿಯಲ್ಲಿ "ಹೊರಬಂದವರು" ತಮ್ಮನ್ನು ಎಕ್ಸ್-ಗೇ, ಅಂದರೆ ಹಿಂದೆ ಗೇ ಆಗಿದ್ದವರು, ಅಂತ ಕರೆದುಕೊಳ್ಳುತ್ತಿದ್ದರು.

ಇದು ಒಂದೇ ಧರ್ಮದ ಕಥೆ ಅಂತ ತಿಳಿಯಬೇಡಿ. ಮಂತ್ರ, ದೆವ್ವ ಬಿಡಿಸುವುದು, ಉಪವಾಸ, ದೀರ್ಘ ಪ್ರಾರ್ಥನೆ, ಧಾರ್ಮಿಕ ಕೌನ್ಸೆಲಿಂಗ್, ಎಲ್ಲ ಕಡೆ ಎಲ್ಲ ಬಗೆಯವೂ ಇವೆ. ನಾನು ಅಮೆರಿಕದ ಉದಾಹರಣೆಗಳನ್ನೇ ಹೆಚ್ಚು ಕೊಡುವುದಕ್ಕೆ ಕಾರಣ ಸರಳ. ಅಲ್ಲಿ ದಾಖಲೆ ಇದೆ, ಕೋರ್ಟ್ ಕೇಸ್ ಇದೆ, ನಡೆಸಿದವರು ಆಮೇಲೆ ಬಾಯಿಬಿಟ್ಟಿದ್ದಾರೆ.

ಒಳಗೆ ನಿಜವಾಗಿ ಏನು ಮಾಡಿಸುತ್ತಾರೆ?

ಬಹುಪಾಲು ಕಡೆ ನಾಟಕೀಯವಾದದ್ದು ಏನೂ ಇರುವುದಿಲ್ಲ. ವಾರಕ್ಕೊಮ್ಮೆ ಹತ್ತು ಜನ ವೃತ್ತಾಕಾರವಾಗಿ ಕೂರುತ್ತಾರೆ. ಒಬ್ಬೊಬ್ಬರೂ ಆ ವಾರ "ಬಿದ್ದೆನೋ ಇಲ್ಲವೋ" ಅಂತ ಒಪ್ಪಿಸಬೇಕು. ಮದ್ಯವ್ಯಸನಿಗಳ ಹನ್ನೆರಡು ಹೆಜ್ಜೆಗಳ ಪದ್ಧತಿಯನ್ನೇ ಸ್ವಲ್ಪ ತಿರುಚಿ ಬಳಸುವುದೂ ಉಂಟು. ಗಂಡಸರಿಗೆ ಚೆಂಡಾಟ, ಹೆಂಗಸರಿಗೆ ಮೇಕಪ್. ಹಳೆಯ ಸ್ನೇಹಿತರ ನಂಬರ್ ಅಳಿಸಿ ಅನ್ನುವುದು. ಪ್ರಾರ್ಥನೆ, ಉಪವಾಸ ಅಂತೂ ಇದ್ದೇ ಇರುತ್ತದೆ.

ಆದರೆ ಇನ್ನೊಂದು ಕೊನೆಯೂ ಇದೆ. ನ್ಯೂಜೆರ್ಸಿಯಲ್ಲಿ ಜೋನಾ ಸಂಸ್ಥೆಯ ಮೇಲೆ ನಡೆದ ಕೇಸಿನಲ್ಲಿ ಹೊರಬಂದ ವಿಷಯಗಳನ್ನು ಓದಿ. ಸಲಹೆಗಾರನ ಮುಂದೆ, ಕನ್ನಡಿಯ ಎದುರು, ಯುವಕರು ಒಂದೊಂದೇ ಬಟ್ಟೆ ಕಳಚಬೇಕು. ದಿಂಬನ್ನು ತಾಯಿ ಅಂತ ಭಾವಿಸಿಕೊಂಡು ಟೆನ್ನಿಸ್ ರಾಕೆಟ್ಟಿನಿಂದ ಬಾರಿಸಬೇಕು. ಹೀಗೆ ಬಾರಿಸಿದರೆ ಗಂಡಸುತನ ಬರುತ್ತದಂತೆ. ಈ ಕೇಸು ಹಾಕಿದವರ ಪೈಕಿ ಇಬ್ಬರು ತಾಯಂದಿರೂ ಇದ್ದರು, ಮಕ್ಕಳ ಒಳ್ಳೆಯದಕ್ಕೆ ಅಂತ ಕೈಯಿಂದ ಹಣ ಕೊಟ್ಟು ಕಳಿಸಿದವರು. ಆ ರಾಕೆಟ್ಟಿನ ಏಟು ಯಾರಿಗೆ ಅಂತ ಅವರಿಗೆ ಆಮೇಲೆ ಗೊತ್ತಾಗಿದ್ದು.

2015ರ ಜೂನ್‌ನಲ್ಲಿ ಜ್ಯೂರಿ ಇದನ್ನು ಗ್ರಾಹಕ ವಂಚನೆ ಅಂತ ತೀರ್ಮಾನಿಸಿತು. ಪರಿಹಾರದ ಮೊತ್ತ 72,400 ಡಾಲರ್. ಧರ್ಮ ಸರಿಯೋ ತಪ್ಪೋ ಅನ್ನುವುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ದುಡ್ಡು ತೆಗೆದುಕೊಂಡು ಕೊಡುತ್ತೇವೆ ಅಂದ ಸೇವೆ ಕೊಡಲಾಗುತ್ತದೆಯೇ ಅನ್ನುವುದಷ್ಟೇ ಪ್ರಶ್ನೆ. ಸಲಿಂಗಾಕರ್ಷಣೆ ಒಂದು ಕಾಯಿಲೆ ಅಂತ ಸಾಕ್ಷಿ ಹೇಳಲು ಜೋನಾ ಕಡೆಯವರು ತಜ್ಞರನ್ನು ಕರೆತರಲು ಹೋದಾಗ ನ್ಯಾಯಾಧೀಶರು ಬಿಡಲಿಲ್ಲ. ಭೂಮಿ ಚಪ್ಪಟೆ ಅನ್ನುವ ವಾದದ ಹಾಗೆ ಇದೂ ಹಳತಾಗಿ ಸುಳ್ಳೆಂದು ಸಾಬೀತಾದದ್ದು ಅನ್ನುವ ಅರ್ಥದಲ್ಲಿ ಬರೆದರು. ಮುಚ್ಚಬೇಕು ಅಂತ ಆದೇಶವಾಯಿತು. ಸಂಸ್ಥೆಯವರು ಹೆಸರು ಬದಲಾಯಿಸಿ ಕೆಲಸ ಮುಂದುವರಿಸಿದರು. 2019ರಲ್ಲಿ ಕೋರ್ಟ್ ಅದನ್ನೂ ಮುಚ್ಚಿಸಿತು.

ವೇದಿಕೆ ಮೇಲೆ ನಿಂತು "ನಾನು ಬದಲಾದೆ" ಅಂತ ಸಾಕ್ಷಿ ಹೇಳುವವರು ಇದ್ದಾರಲ್ಲ? ಅವರೆಲ್ಲ ಸುಳ್ಳು ಹೇಳುತ್ತಿದ್ದಾರಾ?

ಬಹಳ ಜನ ಸುಳ್ಳು ಹೇಳುತ್ತಿಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ನನ್ನ ಪರಿಚಯದ ಒಬ್ಬ ಯುವಕ ಇಂಥ ಗುಂಪಿನಲ್ಲಿ ಹನ್ನೊಂದು ತಿಂಗಳಿದ್ದ. ಅವನ ಹತ್ತಿರ ಒಂದು ಗೆರೆ ಎಳೆದ ನೋಟ್‌ಬುಕ್ ಇತ್ತು, ನನಗೆ ತೋರಿಸಿದ್ದಾನೆ. ಮೂರು ಕಾಲಂ: ತಾರೀಕು, ಪ್ರಾರ್ಥನೆ ಎಷ್ಟು ಹೊತ್ತು, ಬಿದ್ದೆನೋ ಇಲ್ಲವೋ. ಮೊದಲ ತಿಂಗಳಲ್ಲಿ ಮೂರನೇ ಕಾಲಂ ತುಂಬ ಇಂಟು ಮಾರ್ಕು. ಬಸ್ಸಿನಲ್ಲಿ ಎದುರು ಕೂತವನನ್ನು ಎರಡನೇ ಸಲ ನೋಡಿದರೂ ಇಂಟು. ಒಂದು ಕಡೆ ಅರ್ಧ ಇಂಟು ಹಾಕಿದ್ದ, ಅದು ಬಿದ್ದ ಹಾಗೋ ಅಲ್ಲವೋ ಅವನಿಗೇ ತೀರ್ಮಾನ ಆಗಿರಲಿಲ್ಲ. ಗುಂಪಿನ ಹಿರಿಯರು ಆ ಪುಟ ನೋಡಿ, ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯಬೇಡ, ಮಾಡಿದ್ದನ್ನು ಮಾತ್ರ ಬರೆ ಅಂದರು. ಮುಂದಿನ ಪುಟದಿಂದ ಸಾಲಾಗಿ ರೈಟ್ ಮಾರ್ಕು. ಮೂರು ತಿಂಗಳು ಹಾಗೇ ಬಂದ ಮೇಲೆ ಅವನನ್ನು ವೇದಿಕೆ ಹತ್ತಿಸಿ ಸಾಕ್ಷಿ ಹೇಳಿಸಿದರು. ಚಪ್ಪಾಳೆ ಬಿತ್ತು. ಅವನು ಹೇಳಿದ ಒಂದು ಮಾತೂ ಸುಳ್ಳಲ್ಲ. ಅವನ ಒಳಗಿನದು ಏನೂ ಬದಲಾಗಿರಲಿಲ್ಲ, ಬರೆಯುವ ನಿಯಮ ಬದಲಾಗಿತ್ತು ಅಷ್ಟೆ.

ಇನ್ನೊಂದು ವಿಷಯ. ಸಾಕ್ಷಿ ಹೇಳುವುದು ಯಾವಾಗ ಅನ್ನುವುದನ್ನು ಗಮನಿಸಿ. ಸಾಮಾನ್ಯವಾಗಿ ಹುರುಪು ಜಾಸ್ತಿ ಇರುವಾಗ, ಒಂದೆರಡು ವರ್ಷದೊಳಗೆ. ಹತ್ತು ವರ್ಷ ಆದ ಮೇಲೆ ಅದೇ ವ್ಯಕ್ತಿಯನ್ನು ಮತ್ತೆ ವೇದಿಕೆಗೆ ಯಾರೂ ಕರೆಯುವುದಿಲ್ಲ.

ಪ್ರಸಿದ್ಧರ ಕಥೆಗಳಲ್ಲಿ ಆ ಹತ್ತು ವರ್ಷ ಎಲ್ಲರ ಕಣ್ಣೆದುರೇ ಕಳೆಯಿತು. ಎಕ್ಸೋಡಸ್ ಹುಟ್ಟಿಸಿದವರಲ್ಲಿ ಒಬ್ಬರಾದ ಮೈಕೆಲ್ ಬಸ್ಸಿ, ಅದೇ ಕೆಲಸದಲ್ಲಿ ಜೊತೆಗಿದ್ದ ಗ್ಯಾರಿ ಕೂಪರ್ ಮೇಲೆ ಪ್ರೀತಿ ಹುಟ್ಟಿ 1979ರಲ್ಲಿ ಇಬ್ಬರೂ ಹೊರನಡೆದರು. ಜಾನ್ ಪಾಲ್ಕ್ 1998ರಲ್ಲಿ ಹೆಂಡತಿಯ ಜೊತೆ ನ್ಯೂಸ್‌ವೀಕ್ ಮುಖಪುಟದಲ್ಲಿ ಬಂದರು, ಬದಲಾದ ಮನುಷ್ಯನಿಗೆ ಜೀವಂತ ಸಾಕ್ಷಿಯಾಗಿ. 2000ದಲ್ಲಿ ವಾಷಿಂಗ್ಟನ್ನಿನ ಗೇ ಬಾರ್ ಒಂದರಲ್ಲಿ ಜನರ ಕಣ್ಣಿಗೆ ಬಿದ್ದರು. ಮೊದಲು ಟಾಯ್ಲೆಟ್‌ಗೆ ಹೋಗಿದ್ದೆ ಅಂದರು, ಆಮೇಲೆ ಅದು ಎಂಥ ಬಾರ್ ಅಂತ ಗೊತ್ತಿತ್ತು ಅಂತ ಒಪ್ಪಿಕೊಂಡರು. 2013ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಲವ್ ಇನ್ ಆಕ್ಷನ್ನನ್ನು ವರ್ಷಗಟ್ಟಲೆ ನಡೆಸಿದ ಜಾನ್ ಸ್ಮಿಡ್, ಸಲಿಂಗಾಕರ್ಷಣೆಯಿಂದ ಪೂರ್ತಿ ಬದಲಾದ ಒಬ್ಬ ಗಂಡಸನ್ನೂ ತಾನು ನೋಡಿಲ್ಲ ಅಂತ 2011ರಲ್ಲಿ ಬರೆದರು. 2014ರಲ್ಲಿ ತಮ್ಮ ಸಂಗಾತಿ ಪುರುಷನನ್ನು ಮದುವೆಯಾದರು. ಅಂದಹಾಗೆ, ಇಂಥ ಸುದ್ದಿ ಬಂದಾಗ ನಗುವವರು ಇದ್ದಾರೆ. ನನಗೆ ನಗು ಬರುವುದಿಲ್ಲ. ಅಷ್ಟು ವರ್ಷ ಅವರ ಹೆಂಡತಿಯರೂ ಆ ಮನೆಯಲ್ಲೇ ಇದ್ದರು.

ಎಕ್ಸೋಡಸ್ ಈಗಲೂ ಇದೆಯಾ?

ಇಲ್ಲ. 2012ರ ಜನವರಿಯಲ್ಲಿ ಅದರ ಅಧ್ಯಕ್ಷ ಆಲನ್ ಚೇಂಬರ್ಸ್, ತಾನು ಕಂಡವರಲ್ಲಿ ಶೇ 99.9ರಷ್ಟು ಜನರ ಲೈಂಗಿಕ ಒಲವು ಬದಲಾಗಿಲ್ಲ ಅಂದರು. ಅವರು ಒಬ್ಬ ಮಹಿಳೆಯನ್ನು ಮದುವೆಯಾಗಿದ್ದವರು, ತಮ್ಮ ಸೆಳೆತ ಪೂರ್ತಿ ಹೋಗಿಲ್ಲ ಅಂತ ತಮ್ಮ ಬಗ್ಗೆಯೂ ಹೇಳಿಕೊಂಡರು. 2013ರ ಜೂನ್‌ನಲ್ಲಿ ನೋವಾದವರಲ್ಲಿ ಕ್ಷಮೆ ಕೇಳಿ, 37 ವರ್ಷದ ಸಂಸ್ಥೆಗೆ ಬೀಗ ಹಾಕಿದರು. ಒಪ್ಪದ ಕೆಲವು ಗುಂಪುಗಳು ಬೇರೆ ಹೆಸರಿನಲ್ಲಿ ಮುಂದುವರಿದಿವೆ.

ಸಂಶೋಧನೆ ಏನು ಹೇಳುತ್ತದೆ?

ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2009ರಲ್ಲಿ ದೊಡ್ಡ ವರದಿ ತಂದಿತು. 1960ರಿಂದ 2007ರವರೆಗಿನ 83 ಅಧ್ಯಯನಗಳನ್ನು ಕೂತು ಓದಿದರು. ಅವುಗಳಲ್ಲಿ ಹೆಚ್ಚಿನವುಗಳ ವಿಧಾನವೇ ದುರ್ಬಲ. ಗಟ್ಟಿಯಾಗಿ ನಿಲ್ಲುವಂಥವುಗಳಲ್ಲಿ ಕಂಡದ್ದು ಇಷ್ಟು: ಸೆಳೆತ ಬದಲಾಗುವ ಸಾಧ್ಯತೆ ತೀರಾ ಕಡಿಮೆ, ಹಾನಿಯ ಅಪಾಯ ಇದೆ.

ಧಾರ್ಮಿಕ ದಾರಿಯನ್ನೇ ನೋಡಬೇಕೆಂದರೆ ಮಾರ್ಮನ್ ಹಿನ್ನೆಲೆಯ 1,612 ಜನರ ಸಮೀಕ್ಷೆ ಇದೆ, 2014ರಲ್ಲಿ ಪ್ರಕಟವಾದದ್ದು. ಅವರಲ್ಲಿ ಸಾವಿರಕ್ಕೂ ಹೆಚ್ಚು ಜನ ಬದಲಾಗಲು ಪ್ರಯತ್ನಪಟ್ಟವರು. ಅತ್ಯಂತ ಹೆಚ್ಚಾಗಿ ಬಳಸಿದ ದಾರಿ ಪ್ರಾರ್ಥನೆ, ಉಪವಾಸ, ಧರ್ಮಗ್ರಂಥ ಓದುವುದು, ಇನ್ನಷ್ಟು ನೇಮದಿಂದ ಇರುವುದು. ಸಲಿಂಗಾಕರ್ಷಣೆ ಪೂರ್ತಿ ಹೋಯಿತು ಅಂದವರು ಸೊನ್ನೆ. ಸ್ವಲ್ಪವಾದರೂ ಬದಲಾಯಿತು ಅಂದವರು ಶೇ 4ಕ್ಕಿಂತ ಕಡಿಮೆ. ಇವರು ಅರೆಮನಸ್ಸಿನಿಂದ ಪ್ರಯತ್ನಿಸಿದವರಲ್ಲ ಅನ್ನುವುದನ್ನು ನೆನಪಿಡಿ.

ಆದರೆ ಬದಲಾಗಬಹುದು ಅಂತ ತೋರಿಸಿದ ಅಧ್ಯಯನಗಳೂ ಇವೆಯಂತೆ?

ಎರಡು ಹೆಸರು ಪದೇ ಪದೇ ಕೇಳಿಬರುತ್ತವೆ. ಎರಡನ್ನೂ ನೋಡೋಣ, ಯಾಕೆಂದರೆ ನಿಮಗೆ ಕಳಿಸುವ ಫಾರ್ವರ್ಡ್ ಮೆಸೇಜುಗಳಲ್ಲಿ ಇವೇ ಇರುತ್ತವೆ.

ಮೊದಲನೆಯದು ರಾಬರ್ಟ್ ಸ್ಪಿಟ್ಜರ್ ಅವರದ್ದು. ಇವರು ಸಣ್ಣ ಮನುಷ್ಯರಲ್ಲ. 1973ರಲ್ಲಿ ಅಮೆರಿಕದ ಮನೋವೈದ್ಯರು ಸಲಿಂಗಾಕರ್ಷಣೆಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಾಗ ಅದರಲ್ಲಿ ದೊಡ್ಡ ಪಾತ್ರ ವಹಿಸಿದವರೇ ಇವರು. ಅಂಥವರು 2003ರಲ್ಲಿ, ಕೆಲವರು ಬದಲಾಗಬಹುದು ಅಂತ ಬರೆದಾಗ ಎಲ್ಲರ ಕಿವಿ ನೆಟ್ಟಗಾಯಿತು. ಆದರೆ ಅಧ್ಯಯನ ನಡೆದ ರೀತಿ ನೋಡಿ. 200 ಜನರನ್ನು ಫೋನಿನಲ್ಲಿ ಮಾತಾಡಿಸಿದರು. ಅವರಲ್ಲಿ ಬಹಳಷ್ಟು ಜನರನ್ನು ಕಳಿಸಿಕೊಟ್ಟಿದ್ದೇ ಎಕ್ಸ್-ಗೇ ಗುಂಪುಗಳು. ಶೇ 78ರಷ್ಟು ಜನ ಬದಲಾವಣೆಯ ಪರವಾಗಿ ಅದಾಗಲೇ ಬಹಿರಂಗವಾಗಿ ಮಾತಾಡಿದವರು. ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಸ್ವತಃ ಇಂಥ ಗುಂಪಿನ ಮುಖ್ಯಸ್ಥರು ಅಥವಾ ಮನೋಚಿಕಿತ್ಸಾ ವೃತ್ತಿಯವರು. ಅಂಗಡಿಯವನನ್ನೇ ಅವನ ಸಾಮಾನು ಹೇಗಿದೆ ಅಂತ ಕೇಳಿದ ಹಾಗೆ. ಬದಲಾಗದೆ ಹೊರಬಂದವರನ್ನು ಕೇಳಲೇ ಇಲ್ಲ, ಹೋಲಿಸಲು ಇನ್ನೊಂದು ಗುಂಪೂ ಇರಲಿಲ್ಲ. ಸ್ಪಿಟ್ಜರ್ ಅವರೇ 2012ರಲ್ಲಿ, ಆಗ ಅವರಿಗೆ ಎಂಬತ್ತರ ಹತ್ತಿರ, ಪಾರ್ಕಿನ್ಸನ್ ಕಾಯಿಲೆ ಬೇರೆ, ತನ್ನ ಅಧ್ಯಯನದಿಂದ ಆ ತೀರ್ಮಾನ ಹೊರಡುವುದಿಲ್ಲ ಅಂತ ಬರೆದು ಗೇ ಸಮುದಾಯದ ಕ್ಷಮೆ ಕೇಳಿದರು. ಫಾರ್ವರ್ಡ್ ಮೆಸೇಜಿನಲ್ಲಿ 2003 ಇರುತ್ತದೆ, 2012 ಇರುವುದಿಲ್ಲ.

ಎರಡನೆಯದು ಸ್ಟ್ಯಾಂಟನ್ ಜೋನ್ಸ್ ಮತ್ತು ಮಾರ್ಕ್ ಯಾರ್‌ಹೌಸ್ ಅವರದ್ದು. ಇದು ಸ್ಪಿಟ್ಜರ್ ಅವರದ್ದಕ್ಕಿಂತ ಚೆನ್ನಾಗಿದೆ ಅಂತ ಒಪ್ಪಲೇಬೇಕು, ಎಕ್ಸೋಡಸ್ ಗುಂಪಿನ ಜನರನ್ನು ಆರೇಳು ವರ್ಷ ಬೆನ್ನು ಹತ್ತಿ ನೋಡಿದರು. ದುಡ್ಡು ಕೊಟ್ಟದ್ದು ಎಕ್ಸೋಡಸ್, ಸಂಶೋಧಕರು ಕ್ರೈಸ್ತ ವಿದ್ವಾಂಸರು. ಶುರುವಿನಲ್ಲಿ 98 ಜನ. ಕೊನೆಗೆ ಲೆಕ್ಕಕ್ಕೆ ಸಿಕ್ಕವರು 61. ಅವರಲ್ಲಿ ಶೇ 23 ಜನರನ್ನು "ಬದಲಾದವರು" ಎಂದು ಎಣಿಸಿದರು, ಅಂದರೆ 14 ಜನ. ಆ ಹದಿನಾಲ್ಕರಲ್ಲೂ ಹೆಚ್ಚಿನವರಿಗೆ ಸಲಿಂಗಾಕರ್ಷಣೆ ಅಷ್ಟೋ ಇಷ್ಟೋ ಉಳಿದೇ ಇತ್ತು. ಇನ್ನು ಶೇ 30 ಜನ ಬ್ರಹ್ಮಚರ್ಯಕ್ಕೆ ಹೊಂದಿಕೊಂಡವರು, ಅದನ್ನೂ ಯಶಸ್ಸಿಗೆ ಸೇರಿಸಿದರು. ಬಿಟ್ಟುಹೋದ 37 ಜನರಿಗೆ ಏನಾಯಿತು? ಒಂದು ಕೋರ್ಸು ಅರ್ಧಕ್ಕೆ ಬಿಟ್ಟವರು ಪಾಸಾದವರಾ ಫೇಲಾದವರಾ ಅಂತ ನೀವೇ ಊಹಿಸಿ.

ಕಾರ್ಯಕ್ರಮ ನಡೆಸಿದವರ ದುಡ್ಡಲ್ಲೇ, ತೀರಾ ಹುಮ್ಮಸ್ಸಿನ ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಸಿಕ್ಕ ಅತ್ಯುತ್ತಮ ಫಲಿತಾಂಶ ಇದು.

ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತಾರಲ್ಲ?

ಮದುವೆಯಾಗುತ್ತದೆ. ಮಕ್ಕಳೂ ಆಗಬಹುದು. ಅದರಿಂದ ಸೆಳೆತ ಬದಲಾಗಿದೆ ಅಂತ ಅರ್ಥ ಅಲ್ಲ. ಪಾಲ್ಕ್, ಸ್ಮಿಡ್, ಬಸ್ಸಿ ಎಲ್ಲರೂ ಹೆಣ್ಣನ್ನು ಮದುವೆಯಾದವರೇ. ಬೈಸೆಕ್ಷುವಲ್ ಆದವರು ಇಂಥ ಮದುವೆಯಲ್ಲಿ ಸುಖವಾಗಿರಬಹುದು, ಆದರೆ ಅವರು ಮೊದಲಿನಿಂದಲೂ ಬೈಸೆಕ್ಷುವಲ್, ಕಾರ್ಯಕ್ರಮದಿಂದ ಆದವರಲ್ಲ. "ಯಶಸ್ಸಿನ ಕಥೆ"ಗಳಲ್ಲಿ ಇವರ ಪಾಲು ಸಾಕಷ್ಟಿದೆ ಅನ್ನುವುದು ನನ್ನ ಅನುಮಾನ.

ಈ ಸಲಹೆ ಕೊಡುವವರಿಗೆ ನಾನು ಕೇಳುವ ಪ್ರಶ್ನೆ ಒಂದೇ. ನಿಮ್ಮ ಮಗಳನ್ನು ಅವನಿಗೆ ಕೊಡುತ್ತೀರಾ?

ಲೈಂಗಿಕ ಒಲವು ಕಾಲಕಾಲಕ್ಕೆ ಬದಲಾಗುತ್ತದೆ ಅಂತ ವಿಜ್ಞಾನವೇ ಹೇಳುತ್ತದಲ್ಲ? ಹಾಗಾದರೆ ಪ್ರಯತ್ನಪಟ್ಟು ಯಾಕೆ ಬದಲಿಸಬಾರದು?

ಒಳ್ಳೆಯ ಪ್ರಶ್ನೆ, ಬಹಳ ಜನ ಇಲ್ಲಿ ಎಡವುತ್ತಾರೆ. ಲೀಸಾ ಡೈಮಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ನೂರರ ಹತ್ತಿರ ಮಹಿಳೆಯರನ್ನು ಹತ್ತು ವರ್ಷ ಮಾತಾಡಿಸುತ್ತಾ ಬಂದರು. ಹಲವರು ತಮ್ಮನ್ನು ಕರೆದುಕೊಳ್ಳುವ ಹೆಸರನ್ನು ಒಂದಲ್ಲ ಒಂದು ಸಲ ಬದಲಿಸಿದ್ದರು. ಕೆಲವರ ಸೆಳೆತದಲ್ಲೂ ಏರಿಳಿತ ಕಂಡಿತು. ನಿಜ.

ಆದರೆ ತಾನಾಗಿ ಆಗುವುದು ಬೇರೆ, ಹಟಕ್ಕೆ ಬಿದ್ದು ಮಾಡುವುದು ಬೇರೆ. ವಯಸ್ಸಾದಂತೆ ಕೂದಲಿನ ಬಣ್ಣ ಬದಲಾಗುತ್ತದೆ, ಹಾಗಂತ ಕಣ್ಣುಮುಚ್ಚಿ ಬೇಡಿಕೊಂಡರೆ ನಾಳೆ ಬೆಳಗ್ಗೆ ಬದಲಾಗುತ್ತದಾ? ಅದೂ ನಮಗೆ ಬೇಕಾದ ಬಣ್ಣಕ್ಕೆ? ತನ್ನ ಕೆಲಸವನ್ನು ಬದಲಾವಣೆ ಕಾರ್ಯಕ್ರಮದವರು ಎತ್ತಿ ಹೇಳುವುದನ್ನು ಡೈಮಂಡ್ ಅವರೇ ಖಂಡಿಸಿದ್ದಾರೆ.

ಅಪ್ಪ ಹತ್ತಿರ ಬರಲಿಲ್ಲ, ಅಮ್ಮ ಅತಿಯಾಗಿ ಮುದ್ದು ಮಾಡಿದಳು, ಅದಕ್ಕೇ ಹೀಗಾಯಿತು ಅಂತ ಕೌನ್ಸೆಲರ್ ಹೇಳಿದರು. ಹೌದಾ?

ಅಲ್ಲ. ಇದು ಕಳೆದ ಶತಮಾನದ ಮಧ್ಯಭಾಗದ ಮನೋವಿಶ್ಲೇಷಕರ ಊಹೆ. ಅವರು ನೋಡಿದ್ದು ಚಿಕಿತ್ಸೆಗೆ ಬಂದವರನ್ನು ಮಾತ್ರ. ಆಮೇಲೆ ಧಾರ್ಮಿಕ ಕಾರ್ಯಕ್ರಮಗಳು ಅದನ್ನು ಹಾಗೇ ಎತ್ತಿಕೊಂಡವು, ದೇವರ ಹೆಸರು ಸೇರಿಸಿ. ದೂರವೇ ಉಳಿದ ಅಪ್ಪಂದಿರು ಎಷ್ಟು ಮನೆಗಳಲ್ಲಿಲ್ಲ? ಆ ಲೆಕ್ಕದಲ್ಲಿ ಅರ್ಧ ಊರು ಗೇ ಆಗಬೇಕಿತ್ತು. ಎಷ್ಟೋ ಸಲ ವಿಷಯ ತಿರುಗುಮುರುಗು ಇರುತ್ತದೆ, ಹುಡುಗ ಬೇರೆ ಥರ ಅಂತ ಅನಿಸಿದ ಮೇಲೆ ಅಪ್ಪ ದೂರ ಸರಿದಿರುತ್ತಾನೆ.

ಹುಟ್ಟಿಗೆ ಒಂದೇ "ಗೇ ಜೀನ್" ಇದೆ ಅನ್ನುವುದೂ ತಪ್ಪು. 2019ರಲ್ಲಿ ಸುಮಾರು 4 ಲಕ್ಷ 70 ಸಾವಿರ ಜನರ ಮಾಹಿತಿ ಇಟ್ಟುಕೊಂಡು ನಡೆದ ಅಧ್ಯಯನದಲ್ಲಿ ಅಂಥ ಒಂದು ಜೀನ್ ಸಿಗಲಿಲ್ಲ, ಹಲವಾರು ಜೀನ್‌ಗಳ ಚೂರುಪಾರು ಪ್ರಭಾವ ಕಂಡಿತು. ಆದರೆ ಕಾರಣ ಪೂರ್ತಿ ತಿಳಿಯದಿರುವುದಕ್ಕೂ ಬದಲಿಸಬಹುದು ಅನ್ನುವುದಕ್ಕೂ ಸಂಬಂಧ ಇಲ್ಲ. ಎಡಗೈ ಬಳಕೆಗೆ ಕಾರಣ ಪೂರ್ತಿ ತಿಳಿದಿಲ್ಲ. ಏಟು ಕೊಟ್ಟು ಬಲಗೈಯಲ್ಲಿ ಬರೆಸಿದ ಮಕ್ಕಳು ಬಲಗೈಯವರಾಗಲಿಲ್ಲ.

ಪ್ರಯತ್ನಿಸಿ ನೋಡುವುದರಲ್ಲಿ ನಷ್ಟ ಏನು? ಆಗದಿದ್ದರೆ ಸುಮ್ನೆ ವಾಪಸ್ ಬಂದರಾಯಿತು.

ವಾಪಸ್ ಬರುವವರು ಹೋದ ಹಾಗೇ ಇರುವುದಿಲ್ಲ, ತೊಂದರೆ ಅಲ್ಲೇ ಇರುವುದು.

ಸ್ಯಾನ್ ಫ್ರಾನ್ಸಿಸ್ಕೋದ ಸಂಶೋಧಕರು 21ರಿಂದ 25 ವಯಸ್ಸಿನ 245 ಯುವಜನರನ್ನು ಕೇಳಿದ್ದರು, 2018ರಲ್ಲಿ ಪ್ರಕಟವಾಯಿತು. ಯಾರೂ ಬದಲಿಸಲು ಪ್ರಯತ್ನಿಸದ ಯುವಜನರಲ್ಲಿ ಆತ್ಮಹತ್ಯೆಗೆ ಯತ್ನಿಸಿದವರು ಶೇ 22. ಅಪ್ಪ ಅಮ್ಮ ಮನೆಯಲ್ಲೇ ಬದಲಿಸಲು ನೋಡಿದ್ದರೆ ಶೇ 48. ಮನೆಯವರ ಜೊತೆ ಹೊರಗಿನ ಚಿಕಿತ್ಸಕರು ಅಥವಾ ಧರ್ಮಗುರುಗಳ ಪ್ರಯತ್ನವೂ ಸೇರಿದ್ದರೆ ಶೇ 63. ಇಂಥ ಅಧ್ಯಯನ ಕಾರಣವನ್ನು ಪೂರ್ತಿ ಸಾಬೀತು ಮಾಡುವುದಿಲ್ಲ, ಅದನ್ನು ಮುಚ್ಚಿಡಬಾರದು. ಆದರೆ ಬೇರೆ ಬೇರೆ ಸಂಶೋಧಕರು ನೋಡಿದಾಗಲೂ ದಿಕ್ಕು ಇದೇ.

ಅಂಕಿಗೆ ಸಿಗದ ನಷ್ಟಗಳೂ ಇವೆ. ಇಪ್ಪತ್ತರಿಂದ ಮೂವತ್ತರವರೆಗಿನ ವಯಸ್ಸು ಕಾಯುವುದರಲ್ಲೇ ಕಳೆದುಹೋಗುವುದು. ಅಪ್ಪ ಅಮ್ಮನ ಮೇಲೆ ಇಲ್ಲದ ತಪ್ಪು ಹೊರಿಸಿ ಸಂಬಂಧ ಮುರಿಯುವುದು. ಎಷ್ಟೋ ಜನರ ವಿಷಯದಲ್ಲಿ, ದೇವರೇ ಕೈಬಿಟ್ಟ ಅನ್ನುವ ಭಾವ.

ನನ್ನ ನಂಬಿಕೆ ಸಾಲದೇ ಬದಲಾಗಲಿಲ್ಲವೇನೋ?

ಈ ಪ್ರಶ್ನೆ ನಿಮ್ಮದಲ್ಲ, ನಿಮಗೆ ಕೊಟ್ಟು ಕಳಿಸಿದ್ದು. ಬದಲಾದರೆ ದೇವರ ಕೃಪೆ, ಆಗದಿದ್ದರೆ ನಿನ್ನ ಶ್ರದ್ಧೆ ಸಾಲದು. ಹೀಗೆ ಲೆಕ್ಕ ಬರೆದರೆ ಕಾರ್ಯಕ್ರಮ ಯಾವತ್ತೂ ಸೋಲುವುದಿಲ್ಲ. ಮೇಲೆ ಹೇಳಿದ ಮಾರ್ಮನ್ ಸಮೀಕ್ಷೆಯ ಜನ, ಎಕ್ಸೋಡಸ್ ಕಟ್ಟಿದ ಜನ, ಅವರಿಗಿಂತ ಜಾಸ್ತಿ ನಂಬಿಕೆ ಇದ್ದವರನ್ನು ಹುಡುಕುವುದು ಕಷ್ಟ.

ಹಾಗಾದರೆ ಧರ್ಮ ಬಿಡಬೇಕಾ?

ಅದನ್ನು ನಾನು ಹೇಳಲಾರೆ, ಹೇಳಬೇಕಾಗಿಯೂ ಇಲ್ಲ. ಬಿಟ್ಟವರಿದ್ದಾರೆ, ಉಳಿಸಿಕೊಂಡವರೂ ಇದ್ದಾರೆ. ಧಾರ್ಮಿಕ ಸಂಸ್ಥೆಗಳೆಲ್ಲ ಒಂದೇ ಕಡೆ ನಿಂತಿಲ್ಲ. ಚರ್ಚ್ ಆಫ್ ಇಂಗ್ಲೆಂಡಿನ ಮಹಾಸಭೆ 2017ರಲ್ಲಿ ಕನ್ವರ್ಷನ್ ಥೆರಪಿಯನ್ನು, ಅಂದರೆ ಒಲವು ಬದಲಿಸುವ ಇಂಥ ಪ್ರಯತ್ನಗಳನ್ನು, ಖಂಡಿಸಿ ನಿರ್ಣಯ ಮಾಡಿತು. ಬ್ರಿಟನ್ನಿನಲ್ಲಿ ಕರೇಜ್ ಎಂಬ ಬದಲಾವಣೆ ಗುಂಪನ್ನು ಶುರುಮಾಡಿದ ಜೆರೆಮಿ ಮಾರ್ಕ್ಸ್, ಅದು ಕೆಲಸ ಮಾಡುತ್ತಿಲ್ಲ ಅಂತ ಕಂಡ ಮೇಲೆ ಅದೇ ಗುಂಪನ್ನು ಗೇ ಕ್ರೈಸ್ತರಿಗೆ ಆಸರೆಯಾಗಿ ತಿರುಗಿಸಿದರು.

ಬದಲಾಗುವುದು ಬೇಡ, ಧರ್ಮಕ್ಕಾಗಿ ಬ್ರಹ್ಮಚಾರಿಯಾಗಿ ಇರುತ್ತೇನೆ ಅಂದರೆ?

ವಯಸ್ಕರು ಯೋಚಿಸಿ ತೆಗೆದುಕೊಂಡರೆ ಅದು ಅವರ ಬದುಕು. ನನ್ನ ತಕರಾರು ಅದನ್ನು "ಗುಣವಾಯಿತು" ಅಂತ ಮಾರುವುದರ ಬಗ್ಗೆ ಮಾತ್ರ.

ಕಾನೂನು ಏನು ಹೇಳುತ್ತದೆ?

ದೇಶದಿಂದ ದೇಶಕ್ಕೆ ಬೇರೆ. ಮಾಲ್ಟಾ 2016ರಲ್ಲಿ ನಿಷೇಧಿಸಿತು. ಜರ್ಮನಿ 2020ರಲ್ಲಿ 18 ವರ್ಷದೊಳಗಿನವರಿಗೆ ಮಾಡುವುದನ್ನು ನಿಷೇಧಿಸಿತು. ಕೆನಡಾದಲ್ಲಿ 2022ರ ಜನವರಿಯಿಂದ ಯಾವ ವಯಸ್ಸಿನವರಿಗೆ ಮಾಡಿದರೂ ಅಪರಾಧ, ಇದಕ್ಕಾಗಿ ಮಕ್ಕಳನ್ನು ದೇಶದಿಂದ ಹೊರಗೆ ಕರೆದೊಯ್ದರೂ ಅಪರಾಧ. ಅದೇ ವರ್ಷ ಫ್ರಾನ್ಸ್, ನ್ಯೂಜಿಲೆಂಡ್ ಕೂಡ ಕಾನೂನು ಮಾಡಿದವು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ 2021ರ ಕಾಯ್ದೆ ಒಬ್ಬರನ್ನು ಬದಲಿಸಲೆಂದೇ ಮಾಡುವ ಪ್ರಾರ್ಥನೆಯನ್ನೂ ಒಳಗೊಂಡಿದೆ, ಅದರ ಬಗ್ಗೆ ಅಲ್ಲಿ ಜೋರು ಚರ್ಚೆ ಆಯಿತು. ಭಾರತದಲ್ಲಿ 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೃತ್ತಿ ದುರ್ನಡತೆ ಅಂತ ಸಾರಿತು. ಅದು ತಾಗುವುದು ವೈದ್ಯರಿಗೆ. ವೈದ್ಯರಲ್ಲದವರು ನಡೆಸುವ ಪ್ರಾರ್ಥನಾ ಶಿಬಿರ ಅದರ ಹಿಡಿತಕ್ಕೆ ಬರುವುದಿಲ್ಲ.

ಈಗ ಯಾರೂ "ಬದಲಿಸುತ್ತೇವೆ" ಅಂತ ಹೇಳುವುದಿಲ್ಲ. ಗುರುತಿಸುವುದು ಹೇಗೆ?

ಹೌದು, ಭಾಷೆ ಬದಲಾಗಿದೆ. "ಗುಣಪಡಿಸುವುದು" ಹೋಗಿ "ಒಳಗಿನ ಗಾಯ ಮಾಯಿಸುವುದು", "ಮುರಿದದ್ದನ್ನು ಜೋಡಿಸುವುದು", "ನಿಜವಾದ ಗುರುತು ಕಂಡುಕೊಳ್ಳುವುದು" ಬಂದಿದೆ. ನೇರವಾಗಿ ಎರಡು ಪ್ರಶ್ನೆ ಕೇಳಿ. ನಾನು ಈಗಿರುವ ಹಾಗೆಯೇ ಉಳಿದು ನೆಮ್ಮದಿಯಾಗಿದ್ದರೆ ಅದನ್ನು ನೀವು ಒಳ್ಳೆಯ ಫಲಿತಾಂಶ ಅಂತ ಒಪ್ಪುತ್ತೀರಾ? ಐದು ವರ್ಷದ ಹಿಂದೆ ಬಂದವರನ್ನು, ಬಿಟ್ಟುಹೋದವರನ್ನೂ ಸೇರಿಸಿ, ನಾನು ಮಾತಾಡಿಸಬಹುದಾ? ಉತ್ತರ ಕೊಡುವ ಮೊದಲು ಅವರು ಎಷ್ಟು ಹೊತ್ತು ತೆಗೆದುಕೊಂಡರು ಅನ್ನುವುದನ್ನೂ ನೋಡಿ.

ಮಗ ಹೇಳಿದ ಮೇಲೆ ನಮಗೆ ನಿದ್ದೆ ಇಲ್ಲ. ಕಳಿಸುವುದು ಬೇಡ ಅಂದರೆ ನಾವು ಏನು ಮಾಡಬೇಕು?

ಸದ್ಯಕ್ಕೆ ಏನೂ ಮಾಡದಿದ್ದರೂ ನಡೆಯುತ್ತದೆ. ಅವನು ಇದನ್ನು ನಿಮಗೆ ಹೇಳಲು ಎಷ್ಟೋ ವರ್ಷ ತೆಗೆದುಕೊಂಡಿರುತ್ತಾನೆ, ನಿಮಗೂ ಕೆಲವು ತಿಂಗಳು ಬೇಕು. ಇವತ್ತೇ ಒಪ್ಪಿಬಿಡಿ ಅಂತ ನಾನು ಹೇಳುವುದಿಲ್ಲ. ಊಟಕ್ಕೆ ಕರೆಯುವುದನ್ನು ನಿಲ್ಲಿಸಬೇಡಿ, ಫೋನ್ ಕಿತ್ತುಕೊಳ್ಳಬೇಡಿ, ನೆಂಟರಿಗೆ ಅವನನ್ನು ಕೇಳದೆ ಹೇಳಬೇಡಿ. ನಿಮ್ಮ ದುಃಖಕ್ಕೆ ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ ಕೌನ್ಸೆಲರ್ ಹತ್ತಿರ ನೀವು ಹೋಗಿ, ಅವನನ್ನು ಕಳಿಸಬೇಡಿ.

ನಾನು ಹೋಗಿ ಬಂದಿದ್ದೇನೆ. ಈಗಲೂ ಯಾರನ್ನಾದರೂ ನೋಡಿದರೆ ಮೈ ಬಿಗಿಯಾಗುತ್ತದೆ. ಇದು ಹೋಗುತ್ತದಾ?

ಕಡಿಮೆಯಾಗುತ್ತದೆ, ಸಮಯ ಬೇಕು. ಪ್ರತಿ ನೋಟಕ್ಕೂ ನಿಮ್ಮನ್ನು ನೀವೇ ಹಿಡಿದು ನಿಲ್ಲಿಸಿ ವಿಚಾರಣೆ ಮಾಡುವುದನ್ನು ಕಲಿಸಿ ಕಳಿಸಿದ್ದಾರೆ, ಅಭ್ಯಾಸ ಬಿಡಲು ಹೊತ್ತು ಹಿಡಿಯುತ್ತದೆ. ಇದನ್ನು ಅರ್ಥಮಾಡಿಕೊಳ್ಳುವ ಚಿಕಿತ್ಸಕರು ಸಿಕ್ಕರೆ ಸುಲಭ. ಮೊದಲ ಭೇಟಿಯಲ್ಲೇ "ನನ್ನ ಒಲವು ಬದಲಿಸುವ ಗುರಿ ನಿಮಗೆ ಇಲ್ಲ ಅಲ್ವಾ?" ಅಂತ ಕೇಳಿಬಿಡಿ, ಮುಜುಗರ ಬೇಡ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಇವತ್ತೇ ಒಬ್ಬರಿಗೆ ಹೇಳಿ, ನಿಮ್ಮ ಕಡೆಯ ಸಹಾಯವಾಣಿಗೆ ಫೋನ್ ಮಾಡಿ.

ಆ ನೋಟ್‌ಬುಕ್ಕಿನ ಹುಡುಗನಿಗೆ ಸುಮಾರು ಎರಡು ವರ್ಷ ಹಿಡಿಯಿತು. ಮೊನ್ನೆ ಸಿಕ್ಕಾಗ, ಬಸ್ಸಿನಲ್ಲಿ ಯಾರನ್ನೋ ನೋಡಿದೆ, ಇಳಿದ ಮೇಲೆ ಅದರ ಬಗ್ಗೆ ಯೋಚಿಸಲೇ ಇಲ್ಲ ಅಂದ.